ಅತ್ತಿ ಗಬ್ಬೂರಿಗೆ ಬಂದಾಳ

ನೀವು ಬರೆದ ಒಂದು ಸಾಲನ್ನು ಹತ್ತಾರು ಜನ ಒಟ್ಟಿಗೆ ಕೂಗುವುದನ್ನು ಎಂದಾದರೂ ಕೇಳಿದ್ದೀರಾ? ನಾನು ಕೇಳಿದ್ದೇನೆ. ಅದೂ ಎಲ್ಲಿ? ರಾಯಚೂರಿನ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ, ಬಾಯಿ ತುಂಬ ಗೋಧಿ ಹುಗ್ಗಿ ಇಟ್ಟುಕೊಂಡು.

ಬಡಿಸುತ್ತಿದ್ದ ಖಾಜಾಸಾಬರು ಅನ್ನದ ಖಾಲಿ ಬಕೆಟ್ ಹಿಡಿದು ಅಡುಗೆಮನೆಯತ್ತ ತಿರುಗಿದರು. ಒಲೆಯ ಮುಂದಿದ್ದವರನ್ನು ಎಂದಿನ ಧ್ವನಿಯಲ್ಲಿ ಕೇಳಿದರು: "ಅತ್ತಿ ಎಲ್ಲಿಗೆ ಬಂದ್ಲು?"

ಒಳಗಿನವರು ಬಾಯಿ ತೆರೆಯುವ ಮೊದಲೇ ಪಂಕ್ತಿಯಲ್ಲಿ ಕುಳಿತಿದ್ದ ವರನ ಗೆಳೆಯರು ಒಂದೇ ಉಸಿರಿಗೆ "ಗಬ್ಬೂರಿಗೆ" ಎಂದು ಕೂಗಿದರು. ಅರ್ಧ ಹಾಲ್ ನಕ್ಕಿತು. ಒಬ್ಬ ಫೋನ್ ಎತ್ತಿ ವಿಡಿಯೋ ಮಾಡತೊಡಗಿದ.

ಆಗ ನನಗೆ ಮೊದಲು ಅನ್ನಿಸಿದ್ದೇನು ಗೊತ್ತೇ? ಹೆಮ್ಮೆ. ಯಾಕೆಂದರೆ ಆ ಮಾತನ್ನು ಅವರಿಗೆ ಕಲಿಸಿದವಳು ನಾನು. ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ಇದೇ ಜಾಗದಲ್ಲಿ ಬರೆದಿದ್ದೆ. ಯಾರಾದರೂ ಗುರುತು ಹಿಡಿದಾರೇ ಎಂದು ಆಚೆ ಈಚೆ ನೋಡಿದೆ. (ಈ ಅಂಕಣದ ಜೊತೆ ಬರುವ ನನ್ನ ಫೋಟೋ ಹತ್ತು ವರ್ಷ ಹಳೆಯದು. ಯಾರೂ ಹಿಡಿಯಲಿಲ್ಲ.)

ಆಮೇಲೆ ಹುಡುಗಿಯ ಅಪ್ಪನನ್ನು ನೋಡಿದೆ.

ಅವರು ಹಾಲ್‌ನ ಬಾಗಿಲಲ್ಲಿ ನಿಂತು ಬಂದವರನ್ನು ಕೂಡಿಸುತ್ತಿದ್ದರು. ನಗು ಕೇಳಿ ಏನಾಯಿತೆಂದು ವಿಚಾರಿಸಿದರು. ಯಾರೋ ಪುಣ್ಯಾತ್ಮ ವಿವರಿಸಿದ: ಅನ್ನ ಕಮ್ಮಿ ಬಿದ್ದಿದೆ, ಅದಕ್ಕೆ ಅಡುಗೆಯವರು ಹೀಗೆ ಕೇಳುತ್ತಾರೆ, ಪೇಪರಿನಲ್ಲಿ ಬಂದಿತ್ತು. ಆ ಮನುಷ್ಯನ ಮುಖದ ನಗು ಇಳಿದುಹೋಯಿತು. ಅಡುಗೆಮನೆಗೆ ಓಡಿದರು, ವಾಪಸು ಬಂದರು, ಬೀಗರ ಮುಂದೆ ಕೈ ಮುಗಿದು ನಿಂತರು. ಐದೇ ನಿಮಿಷದಲ್ಲಿ ಹಬೆಯಾಡುವ ಅನ್ನ ಬಂತು. ಎಲ್ಲರೂ ಹೊಟ್ಟೆ ತುಂಬ ಉಂಡರು. ಆದರೆ ಕೊನೆಯ ಪಂಕ್ತಿ ಏಳುವವರೆಗೂ ಅವರು ಕೈ ಮುಗಿದುಕೊಂಡೇ ಇದ್ದರು. ಮಗಳ ಮದುವೆಯ ಊಟವನ್ನು ಅವರು ಉಂಡರೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನಂತೂ ಮೊಸರನ್ನಕ್ಕೆ ಕಾಯದೆ ಎದ್ದುಬಿಟ್ಟೆ.

ಹಳೆಯ ಅಂಕಣ ಓದದವರಿಗೆ ಸ್ವಲ್ಪ ಹೇಳಬೇಕು. ಅಮರಮ್ಮ ದೇವದುರ್ಗ ತಾಲೂಕಿನ ಜಾಲಹಳ್ಳಿಯವರು. ನಮ್ಮ ಕಡೆಯ ಮದುವೆ, ಕುಬಸ, ತೊಟ್ಟಿಲುಗಳಿಗೆ ಅಡುಗೆ ಮಾಡುವ ಹತ್ತು ಜನರ ತಂಡಕ್ಕೆ ಹಿರಿಯರು. ಮಾನ್ವಿಯ ಖಾಜಾಸಾಬರು ಪಾತ್ರೆ ತರುತ್ತಾರೆ, ಬಡಿಸುವವರನ್ನು ನಡೆಸುತ್ತಾರೆ. ಇಬ್ಬರೂ ಜೊತೆಗೆ ಕೆಲಸ ಮಾಡತೊಡಗಿ ಮೂವತ್ತು ವರ್ಷ ಆಗಿರಬೇಕು. ಆ ಅಂಕಣ ಬರೆಯುವ ಮೊದಲು, ಮಾನ್ವಿಯಲ್ಲಿ ನನ್ನ ಸಹೋದ್ಯೋಗಿಯ ಮಗಳ ಮದುವೆ. ನಾನು ಬಿಪಿ ಗುಳಿಗೆ ನುಂಗಲು ಬಿಸಿನೀರು ಕೇಳಿಕೊಂಡು ಅಡುಗೆಮನೆಗೆ ಹೋದೆ. ಕೂತೆ. ಎದ್ದಿದ್ದು ಒಂದು ತಾಸಿನ ಮೇಲೆ.

ಆ ಒಂದು ತಾಸಿನಲ್ಲಿ ಖಾಜಾಸಾಬರು ನಾಲ್ಕು ಸಲ ಬಾಗಿಲಿಗೆ ಬಂದು ಅತ್ತಿಯನ್ನು ವಿಚಾರಿಸಿದರು. ಒಮ್ಮೆ ಅಮರಮ್ಮ "ಜಾಲಹಳ್ಳಿ ಬಿಟ್ಟಾಳ" ಎಂದರು. ಮತ್ತೊಮ್ಮೆ "ದೇವದುರ್ಗದಾಗ ಅದಾಳ". ಮಗದೊಮ್ಮೆ "ಗಬ್ಬೂರಿಗೆ ಬಂದಾಳ". ಕೊನೆಗೆ "ರಾಯಚೂರು ಬಸ್‌ಸ್ಟ್ಯಾಂಡಿಗೆ ಬಂದ್ಲು, ಬರ್ರಿ". ಖಾಜಾಸಾಬರು ಬಂದು ಬಕೆಟ್ ತುಂಬ ಅನ್ನ ತುಂಬಿಕೊಂಡು ಹೋದರು. ಅತ್ತೆ ಮಾತ್ರ ಬರಲಿಲ್ಲ.

ನಾನು ಬಿಡುವವಳೇ? ಕೇಳಿದೆ. ನಾನೂ ತಮ್ಮ ಕಡೆಯವಳೇ ಎಂಬ ಸಲುಗೆಯಿಂದ ಅಮರಮ್ಮ ಹೇಳಿದರು. ಅತ್ತೆ ಎಂದರೆ ಮುಂದಿನ ಡಬರಿಯ, ಅಂದರೆ ದೊಡ್ಡ ಪಾತ್ರೆಯ, ಅನ್ನ. ರಾಯಚೂರಿನ ದಾರಿಯ ಒಂದೊಂದು ಊರೂ ಒಂದೊಂದು ಹಂತ: ಜಾಲಹಳ್ಳಿ ಬಿಟ್ಟಳು ಎಂದರೆ ಈಗಷ್ಟೇ ಎಸರು ಇಟ್ಟಿದ್ದಾರೆ. ದೇವದುರ್ಗ ಎಂದರೆ ಅಕ್ಕಿ ಎಸರಿಗೆ ಬಿದ್ದಿದೆ. ಗಬ್ಬೂರು ಎಂದರೆ ಗಂಜಿ ಬಸಿಯುತ್ತಿದ್ದಾರೆ. ಬಸ್‌ಸ್ಟ್ಯಾಂಡ್ ಎಂದರೆ ಬಾ, ಒಯ್ಯಿ. ಮದುವೆ ಮಾನ್ವಿಯಲ್ಲಿದ್ದರೂ ಅಷ್ಟೇ, ಅತ್ತೆ ಮಾತ್ರ ರಾಯಚೂರು ಬಸ್‌ಸ್ಟ್ಯಾಂಡಿಗೇ ಬರಬೇಕು.

ಅದರಲ್ಲಿ ಇನ್ನೊಂದು ಜಾಣತನವೂ ಇತ್ತು. ಅತ್ತೆ ಎಲ್ಲಿದ್ದಾಳೆ ಎಂದು ತಿಳಿದರೆ ಬಡಿಸುವವರು ಏನು ಮಾಡಬೇಕೆಂದೂ ತಿಳಿಯುತ್ತದೆ. ಜಾಲಹಳ್ಳಿಯಲ್ಲಿದ್ದರೆ ರೊಟ್ಟಿ, ಎಣ್ಣೆಗಾಯಿ ಇನ್ನೊಂದು ಸುತ್ತು. ದೇವದುರ್ಗದಲ್ಲಿದ್ದರೆ ಹುಗ್ಗಿ, ಮೇಲೆ ತುಪ್ಪ, ಹಿರಿಯರಿಗೆ ಒತ್ತಾಯ. ಗಬ್ಬೂರಿನಲ್ಲಿದ್ದರೆ ಹಪ್ಪಳ, ಸಂಡಿಗೆ. ಉಣ್ಣುವವರಿಗೆ ತಮಗೆ ಭಾರೀ ಉಪಚಾರ ನಡೆದಿದೆ ಎನ್ನಿಸುತ್ತದೆ. ಅಷ್ಟರಲ್ಲಿ ಅನ್ನ ಬಂದಿರುತ್ತದೆ. ಕಮ್ಮಿ ಬಿದ್ದದ್ದು ಕರೆದ ಮನೆಯವರಿಗೂ ಗೊತ್ತಾಗುವುದಿಲ್ಲ.

ಇಂಥದ್ದು ಕೈಗೆ ಸಿಕ್ಕರೆ ಯಾವ ಅಂಕಣಕಾರ್ತಿ ಸುಮ್ಮನಿದ್ದಾಳು? ಬರೆದೆ. ಮಸಾಲೆ ಹಾಕಿಯೇ ಬರೆದೆ. ಈ ಅಂಕಣಕ್ಕೆ ಅಷ್ಟು ಫೋನು ಎಂದೂ ಬಂದಿರಲಿಲ್ಲ. ಕಟಿಂಗ್ ಫೋಟೋ ವಾಟ್ಸಾಪ್‌ನಲ್ಲಿ ಸುತ್ತಾಡಿ, ಸಿಂಧನೂರಿನ ನನ್ನ ತಮ್ಮನ ಗ್ರೂಪಿಗೆ ಹೋಗಿ, ಅಲ್ಲಿಂದ ನನಗೇ "ಓದಿ ನಗಿ" ಎಂದು ವಾಪಸು ಬಂತು.

ನಮ್ಮ ಮನೆಯವರು ಮಾತ್ರ ಓದಿ ಪೇಪರ್ ಮಡಿಚಿಟ್ಟು, "ನಿನಗ ಗೊತ್ತಾದ್ರ ಊರಿಗೆ ಗೊತ್ತಾದಂಗ ಬಿಡು" ಎಂದಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಪ್ರತಿ ಕೆಲಸಕ್ಕೂ ಅದರದೇ ಮಾತು ಇರುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಮ್ಮ ಮನೆಯವರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಇವತ್ತಿಗೂ ಮಿಕ್ಸರ್ ನಿಂತರೆ "ಟ್ರಿಪ್ ಆಗ್ಯದ" ಎನ್ನುತ್ತಾರೆ. ಮಧ್ಯಾಹ್ನದ ನಿದ್ದೆಗೆ ಅವರ ಹೆಸರು ಶಟ್‌ಡೌನ್. ನಮ್ಮ ಕಾಲೇಜಿನ ಸ್ಟಾಫ್‌ರೂಮಿಗೆ ಹೊರಗಿನವರು ಯಾರಾದರೂ ಬಂದು ಕೂತರೆ ಸಿ.ಎಲ್., ಓ.ಓ.ಡಿ., ಇನ್‌ಚಾರ್ಜ್ ಎಂಬ ನಮ್ಮ ಮಾತು ಕೇಳಿ ಹತ್ತು ನಿಮಿಷದಲ್ಲಿ ಎದ್ದುಹೋಗುತ್ತಾರೆ. ಡಾಕ್ಟರುಗಳು ನಮ್ಮ ತಲೆಯ ಮೇಲಿಂದ ಮಾತಾಡಿಕೊಳ್ಳುತ್ತಾರೆ. ಬಸ್ಸಿನ ಕಂಡಕ್ಟರ್ ಒಂದು ಸೀಟಿ ಹೊಡೆದರೆ ಇಡೀ ಬಸ್ಸು ನಿಲ್ಲುತ್ತದೆ.

ಇವುಗಳನ್ನೆಲ್ಲ ನೋಡಿ ನಾವು ಏನು ಹೇಳುತ್ತೇವೆ? ಇವರು ನಮ್ಮಿಂದ ಏನೋ ಮುಚ್ಚಿಡುತ್ತಿದ್ದಾರೆ ಎನ್ನುತ್ತೇವೆ. ನಾನೂ ಹಾಗೆಯೇ ಬರೆದಿದ್ದೆ. "ಅಡುಗೆಯವರ ಗುಟ್ಟು ರಟ್ಟು" ಎಂದು ಹೆಡ್ಡಿಂಗ್ ಬೇರೆ ಕೊಟ್ಟಿದ್ದೆ. ಯಾರ ಸಲುವಾಗಿ ಮುಚ್ಚಿಡುತ್ತಾರೆ ಎಂದು ಕೇಳಿಕೊಂಡಿರಲಿಲ್ಲ. ಬಾಗಿಲಲ್ಲಿ ಕೈ ಮುಗಿದು ನಿಂತ ಆ ಅಪ್ಪನನ್ನು ನೋಡುವವರೆಗೂ ನನಗೆ ಹೊಳೆಯಲಿಲ್ಲ.

ಆ ಮದುವೆಯಾದ ನಾಲ್ಕನೇ ದಿನ ಖಾಜಾಸಾಬರ ಫೋನು ಬಂತು. ನಮ್ಮ ಬಸುರಿ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಅಮರಮ್ಮನಿಗೇ ಹೇಳಿದ್ದೆವು. ಇನ್ನು ಮೂರೇ ವಾರ ಇತ್ತು. ಖಾಜಾಸಾಬರು ಎಂದಿನ ಮರ್ಯಾದೆಯಿಂದಲೇ, ಅಮರಮ್ಮ ಬೇರೆ ಯಾರಿಗಾದರೂ ಹೇಳಿಕೊಳ್ಳಲಿ ಎಂದಿದ್ದಾರೆ ಎಂದರು. ಸಿಟ್ಟೇ ಎಂದು ಕೇಳಿದೆ. ಸಿಟ್ಟಲ್ಲ ಅಕ್ಕಾರ, ಎಂದರು. ಫೋನಿಟ್ಟರು.

ಸಿಟ್ಟಾಗಿದ್ದರೆ ನನಗೆ ಸುಲಭವಿತ್ತು.

ನಮ್ಮ ಬೀಗತಿಯ ಬಗ್ಗೆ ಇಲ್ಲಿ ಒಂದು ಮಾತು. ಒಳ್ಳೆಯವರು. ನನ್ನ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ. ಆದರೆ ಹನ್ನೆರಡು ವರ್ಷದ ಹಿಂದೆ ಯಾರದೋ ಮದುವೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾಗಿದ್ದನ್ನು ಇವತ್ತಿಗೂ ನೆನಪಿಟ್ಟು ಹೇಳುತ್ತಾರೆ. ಅಮರಮ್ಮನಿಲ್ಲದೆ ಅವರ ಮುಂದೆ ಪಂಕ್ತಿ ಹಾಕಿಸುವ ಧೈರ್ಯ ನನಗಿರಲಿಲ್ಲ. (ನಿಜ ಹೇಳಬೇಕೆಂದರೆ ಮೊದಲು ನೆನಪಾದದ್ದು ನನ್ನ ಮರ್ಯಾದೆ. ಆ ಹುಡುಗಿಯ ಅಪ್ಪ ನೆನಪಾದದ್ದು ಆಮೇಲೆ.)

ಶನಿವಾರ ಅರ್ಧ ದಿನದ ಕ್ಲಾಸು ಮುಗಿಸಿ ಬಸ್ಸು ಹತ್ತಿದೆ. ಗಬ್ಬೂರು ಬಂತು. ದೇವದುರ್ಗ ಬಂತು. ಅಲ್ಲಿ ಇಳಿದು ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡು ಜಾಲಹಳ್ಳಿಯ ಬಸ್ಸು ಹಿಡಿದೆ. ಅತ್ತೆ ಬರುವ ದಾರಿಯಲ್ಲಿ ನಾನು ಉಲ್ಟಾ ಹೋಗುತ್ತಿದ್ದೆ. ಬೇರೆ ದಿನವಾಗಿದ್ದರೆ ಇದನ್ನೇ ಒಂದು ಅಂಕಣ ಮಾಡುತ್ತಿದ್ದೆ.

ಅಮರಮ್ಮ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಬಾ ಎಂದರು, ನೀರು ಕೊಟ್ಟರು. ಆಮೇಲೆ ಒಂದು ಮೊರವನ್ನು ನನ್ನ ಮುಂದೆ ತಳ್ಳಿದರು. ನಾನೂ ಅಕ್ಕಿಯಲ್ಲಿ ಹರಳು ಹುಡುಕುತ್ತ ಕೂತೆ. ತಪ್ಪಾಯಿತು ಎಂದು ಹೇಳಿದೆ. ಹೂಂ ಎಂದರು. ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಹೂಂ ಎಂದರು.

ಆಮೇಲೆ ಸಾವಕಾಶ ಹೇಳತೊಡಗಿದರು. ಆ ಮದುವೆಯಾದ ಮೇಲೆ ಎರಡು ಕಾರ್ಯಕ್ಕೆ ಹೋಗಿದ್ದಾರೆ. ಎರಡರಲ್ಲೂ ಬಡಿಸುವವರ ಬಾಯಿ ಕಟ್ಟಿದಂತಾಗಿದೆ. ಅತ್ತಿ ಎಂದರೆ ಜನ ನಗುತ್ತಾರೆ, ಅನ್ನ ಎಂದರೆ ಜನ ಗಾಬರಿಯಾಗುತ್ತಾರೆ. ಕಣ್ಣಲ್ಲಿ ಸನ್ನೆ ಮಾಡಿದ್ದಾರೆ. ಒಬ್ಬನ ಸನ್ನೆ ಇನ್ನೊಬ್ಬನಿಗೆ ತಿಳಿಯದೆ ಒಂದು ಸಾಲಿಗೆ ಮೂರು ಸಲ ಹಪ್ಪಳ ಹೋಗಿದೆ, ಇನ್ನೊಂದು ಸಾಲಿಗೆ ಒಂದೂ ಇಲ್ಲ. ಹುಗ್ಗಿ ತಳ ಹತ್ತಿದೆ. ಮೂವತ್ತು ವರ್ಷದಲ್ಲಿ ಅಮರಮ್ಮನ ಹುಗ್ಗಿ ತಳ ಹತ್ತಿದ್ದು ಅದೇ ಮೊದಲು.

ನನಗೆ ಕೂಡಲೇ ಒಂದು ಉಪಾಯ ಹೊಳೆಯಿತು. ಮಾತು ಹೋಗಿದ್ದು ನನ್ನಿಂದ, ಹೊಸ ಮಾತು ನಾನೇ ಕಟ್ಟಿಕೊಡುತ್ತೇನೆ ಎಂದೆ. ಬರೆಯುವವಳಲ್ಲವೇ? ಅಷ್ಟರಲ್ಲಿ ಖಾಜಾಸಾಬರೂ ಯಾವುದೋ ಪಾತ್ರೆಯ ಲೆಕ್ಕಕ್ಕೆ ಬಂದಿದ್ದರು. ಇಬ್ಬರ ಮುಂದೆ ನನ್ನ ಭಂಡಾರ ಬಿಚ್ಚಿದೆ. ಎಸರು ಇಟ್ಟಾಗ "ಮೊಳಕೆ" ಎನ್ನಿ. ಅಕ್ಕಿ ಹಾಕಿದಾಗ "ಚಿಗುರು". ಬಸಿಯುವಾಗ "ಮೊಗ್ಗು". ಆದಾಗ "ಅರಳಿತು". (ಜೀವಶಾಸ್ತ್ರ ಕಲಿಸುವವಳಿಂದ ಇನ್ನೇನು ನಿರೀಕ್ಷಿಸುತ್ತೀರಿ?)

ಖಾಜಾಸಾಬರು ಗಂಭೀರವಾಗಿ ಎದ್ದು ನಿಂತರು. ಕೈಯಲ್ಲಿ ಬಕೆಟ್ ಇರುವಂತೆ ಮಾಡಿ ಬಾಗಿಲತನಕ ನಡೆದು, "ಚಿಗುರಿತೇನ್ರಿ ಅಮರಮ್ಮಾರ?" ಎಂದರು. ಅಮರಮ್ಮನಿಗೆ ನಗು ತಡೆಯಲಾಗಲಿಲ್ಲ. ಅಷ್ಟು ದಿನದಿಂದ ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು. ಮೂವರೂ ನಕ್ಕೆವು. ನನ್ನ ಹೊಸ ಭಾಷೆ ಹುಟ್ಟಿದ ಪಡಸಾಲೆಯಲ್ಲೇ ಸತ್ತಿತು.

ಹಾಗಾದರೆ ಅತ್ತೆಯ ಮಾತನ್ನು ಕಟ್ಟಿದವರು ಯಾರು ಎಂದು ಆಗ ಕೇಳಿದೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ. ಅರ್ಥ ಕೇಳಿದ್ದೆ, ಎಲ್ಲಿಂದ ಬಂತು ಎಂದು ಕೇಳಿರಲೇ ಇಲ್ಲ.

ಯಾರೂ ಕಟ್ಟಿದ್ದಲ್ಲ. ಅಮರಮ್ಮನಿಗೆ ನಿಜವಾಗಿಯೂ ಒಬ್ಬ ಅತ್ತೆ ಇದ್ದರು. ಹೆಸರು ಮಲ್ಲಮ್ಮ. ತಂಡ ಕಟ್ಟಿದವರು ಅವರೇ. ಎಲ್ಲಿ ಅಡುಗೆಯಿದ್ದರೂ ಮೊದಲ ಮುಷ್ಟಿ ಅಕ್ಕಿ ಅವರ ಕೈಯಿಂದಲೇ ಎಸರಿಗೆ ಬೀಳಬೇಕು. ಅದು ಅವರ ಪದ್ಧತಿ. ಉಳಿದವರು ನಸುಕಿನಲ್ಲೇ ಟೆಂಪೋದಲ್ಲಿ ಪಾತ್ರೆಗಳ ಜೊತೆ ಹೊರಟರೆ, ಅವರು ಎಮ್ಮೆಗಳ ಕೆಲಸ ಮುಗಿಸಿ, ಹಿಂದಿನಿಂದ ಬಸ್ಸಿಗೆ ಬರುವರು. ಎಸರು ಕುದಿಯುತ್ತಿರುತ್ತಿತ್ತು, ಎಲೆ ಹಾಕಿ ಆಗಿರುತ್ತಿತ್ತು, ಮಲ್ಲಮ್ಮ ಬಂದಿರುತ್ತಿರಲಿಲ್ಲ. ಆಗ ಫೋನು ಎಲ್ಲಿತ್ತು? ಖಾಜಾಸಾಬರು ಬಾಗಿಲಲ್ಲಿ ನಿಂತು "ಅತ್ತಿ ಎಲ್ಲಿಗೆ ಬಂದ್ಲು?" ಎಂದು ಕೇಳುವರು. ದೇವದುರ್ಗದ ಕಡೆಯಿಂದ ಬಂದವರು ಯಾರಾದರೂ, ಗಬ್ಬೂರಿನಲ್ಲಿ ಬಸ್ಸು ನಿಂತಿತ್ತು, ಅದರಲ್ಲಿ ಕಂಡೆ, ಎನ್ನುವರು. ಬಡಿಸುವವರು ಅಷ್ಟರಿಂದಲೇ ಊಟದ ತಾಳ ಹಿಡಿಯುತ್ತಿದ್ದರು.

ಮಲ್ಲಮ್ಮ ತೀರಿಕೊಂಡು ಎಂಟು ವರ್ಷವಾಯಿತು. ಮಾತು ಮಾತ್ರ ಉಳಿದುಬಿಟ್ಟಿತು.

"ಸತ್ತ ಮ್ಯಾಲೂ ನಮ್ಮತ್ತಿ ಎಲ್ಲಾ ಮದುವಿಗೂ ಬರತಿದ್ಲು ಅಕ್ಕಾರ," ಎಂದರು ಅಮರಮ್ಮ, ಮೊರ ಕೆಳಗಿಟ್ಟು. "ದಿನಕ್ಕ ನಾಕ್ ಸಲ ಆಕಿನ್ನ ಕೇಳತಿದ್ವಿ. ಈಗ ಬರೂದು ಬಿಟ್ಟಳು."

ನನ್ನ ಮುಂದಿನ ಮೊರದಲ್ಲಿ ಹರಳು ಕಾಣದಂತಾಯಿತು. ಖಾಜಾಸಾಬರು ತಲೆ ಬಗ್ಗಿಸಿ ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ನಾನು ಅತ್ತುಬಿಟ್ಟೆ ಎಂದು ಬರೆಯಲು ನಾಚಿಕೆಯೇನಿಲ್ಲ. ಅಮರಮ್ಮ ಎದ್ದು ಹೋಗಿ ಚಹಾ ಇಟ್ಟರು.

ಹೊರಡುವಾಗ ಅವರಾಗಿಯೇ ಹೇಳಿದರು, ಕುಬಸಕ್ಕೆ ಬರುತ್ತೇವೆ. ನನಗೆ ಆ ಪಡಸಾಲೆಯಲ್ಲೇ ಕುಣಿಯುವಷ್ಟು ಖುಷಿ. ಆದರೆ ಒಂದು ಷರತ್ತು, ಎಂದರು.

"ಅಡಗಿ ನಡದಲ್ಲಿ ನೀವು ಬರಂಗಿಲ್ಲ."

ನನ್ನ ಮಗಳ ಕುಬಸ, ನನ್ನ ಮನೆ, ನನ್ನದೇ ಹಿತ್ತಲಲ್ಲಿ ಹೂಡುವ ಒಲೆ. ಅಲ್ಲಿಗೆ ನನಗೇ ಪ್ರವೇಶವಿಲ್ಲ! ಒಪ್ಪಿಕೊಂಡೆ. ಒಪ್ಪದೆ ಇನ್ನೇನು ಮಾಡಲಿ?

ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು ಬಹಳ ಸಂತೋಷಪಟ್ಟರು. ಮೂವತ್ತು ವರ್ಷದಿಂದ ತಾವು ಮಾಡಲಾಗದ್ದನ್ನು ಅಮರಮ್ಮ ಒಂದೇ ಮಾತಿನಲ್ಲಿ ಮಾಡಿದ್ದಾರೆ ಎಂದರು. ನನ್ನ ಮಗಳು, ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು, ನಗಸಬ್ಯಾಡಪ್ಪಾ ನೋವಾಕತ್ತದ ಎಂದು ಅಪ್ಪನನ್ನು ಬೇಡಿಕೊಂಡಳು.

ಕುಬಸದ ದಿನ ಬಂತು. ಭಾನುವಾರ. ಇನ್ನೂರು ಜನರ ಅಂದಾಜು. ಮನೆಯ ಮುಂದೆ ಶಾಮಿಯಾನ, ಹಿತ್ತಲಲ್ಲಿ ಒಲೆಗಳು. ನಾನು ಷರತ್ತಿನಂತೆ ಹಿತ್ತಲ ಬಾಗಿಲಿಗೂ ಹೋಗಲಿಲ್ಲ. ಮಗಳಿಗೆ ಹಸಿರು ಬಳೆ ಇಡಿಸುವುದು, ಉಡಿ ತುಂಬುವುದು, ಬಂದವರಿಗೆ ಅರಿಷಿಣ ಕುಂಕುಮ, ಇಷ್ಟರಲ್ಲೇ ಇದ್ದೆ. ವಾಸನೆ ಮಾತ್ರ ಗಾಳಿಯಲ್ಲಿ ಬರುತ್ತಿತ್ತು.

ಹನ್ನೆರಡೂವರೆಗೆ ಎರಡು ಸಂಗತಿ ಒಟ್ಟಿಗೆ ತಿಳಿದವು. ಒಂದು, ಜಾಲಹಳ್ಳಿಯಿಂದ ಹಿಂದಿನಿಂದ ಬರಬೇಕಿದ್ದ ಬಡಿಸುವ ಮೂವರು ಬಂದಿಲ್ಲ, ಅವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ. ಇನ್ನೊಂದು, ನಮ್ಮ ಮನೆಯವರು ತಮ್ಮ ವಾಕಿಂಗ್ ಗೆಳೆಯರನ್ನು ಕರೆದಿದ್ದಾರೆ. ಸಂಸಾರ ಸಮೇತ. (ನನಗೆ ಹೇಳಿರಲಿಲ್ಲ. ಹೇಳಿದರೆ ಊರಿಗೆ ಗೊತ್ತಾಗುತ್ತಿತ್ತಂತೆ.)

ಮೊದಲ ಪಂಕ್ತಿ ಕೂತಾಗಿತ್ತು. ಬೀಗತಿ ಸಾಲಿನ ತುದಿಯಲ್ಲಿ, ಎಲ್ಲ ಕಾಣುವ ಜಾಗದಲ್ಲಿ ಕೂತಿದ್ದರು. ಖಾಜಾಸಾಬರು ಇಬ್ಬರನ್ನು ಕಟ್ಟಿಕೊಂಡು ಆಚೆಯಿಂದ ಈಚೆಗೆ ಓಡಾಡುತ್ತಿದ್ದರು. ವಯಸ್ಸಾದ ಮನುಷ್ಯ, ಬೆವರು ಇಳಿಯುತ್ತಿತ್ತು. ನನಗೆ ನೋಡಲಾಗಲಿಲ್ಲ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಹಿತ್ತಲಿಗೆ ನಡೆದೆ.

ಅಮರಮ್ಮ ನನ್ನನ್ನು ನೋಡಿದರು. ಷರತ್ತು ಅವರ ಕಣ್ಣಲ್ಲೇ ಇತ್ತು. ನಾನು ಮಾತಾಡದೆ ಅಲ್ಲಿದ್ದ ಅನ್ನದ ಬಕೆಟ್ ಎತ್ತಿಕೊಂಡೆ, ಇನ್ನೊಂದು ಕೈಗೆ ಸೌಟು. ಹೊರಟೆ.

"ನಿಂದರ್ರಿ," ಎಂದರು ಅಷ್ಟರಲ್ಲಿ ಹಿತ್ತಲಿಗೆ ಬಂದ ಖಾಜಾಸಾಬರು. ನನಗಲ್ಲ, ಅಮರಮ್ಮನಿಗೆ ಹೇಳುವವರಂತೆ ಮುಂದುವರಿಸಿದರು: "ಬಕೆಟ್ ಹಿಡದವರಿಗೆ ಮಾತು ಬೇಕಲ್ಲೇನ್ರಿ? ಇವರು ಆ ಸಾಲಿನಾಗ ನಿಂತು ಅನ್ನ ಮುಗದದ ಅಂತ ಒದರಿದ್ರ ಏನ್ ಮಾಡ್ತೀರಿ?"

ಅಮರಮ್ಮ ಸೌಟಿನಿಂದ ಸಾರು ತಿರುವುತ್ತ ನಿಂತರು. ಒಂದು ಸುತ್ತು, ಎರಡು ಸುತ್ತು. ಐವತ್ತೇಳು ವರ್ಷದ ಹೆಂಗಸು, ಎಷ್ಟೋ ಬ್ಯಾಚುಗಳಿಗೆ ಪಾಠ ಹೇಳಿದವಳು, ಒಂದು ಮಾತಿಗಾಗಿ ಬಕೆಟ್ ಹಿಡಿದು ಕಾಯುತ್ತಿದ್ದೆ.

ಅವರು ಹತ್ತಿರ ಬಂದರು. ಕೈ ಸೆರಗಿಗೆ ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಾಗಿದರು. ಹೇಳಿದರು.

ಹೊಸ ಮಾತು! ಯಾವಾಗ ಹುಟ್ಟಿತು, ಹೇಗೆ ಹುಟ್ಟಿತು, ಯಾರಿಂದ ಹುಟ್ಟಿತು, ಎಲ್ಲ ಎರಡೇ ಸಾಲಿನಲ್ಲಿ ಹೇಳಿದರು. ನನ್ನ ಮೊಳಕೆ ಮೊಗ್ಗುಗಳಿಗೂ ಅದಕ್ಕೂ ಸಂಬಂಧವಿಲ್ಲ. ಅಷ್ಟು ಸಹಜವಾದ ಮಾತು ನನಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ.

ಬಡಿಸುವುದು ಸುಲಭ ಎಂದುಕೊಂಡಿದ್ದೀರಾ? ಒಮ್ಮೆ ಬಕೆಟ್ ಹಿಡಿದು ನೋಡಿ. ಅರ್ಧ ಸಾಲಿಗೆ ನನ್ನ ಸೊಂಟ ಬಗ್ಗದಾಯಿತು. ಬೇಡ ಎನ್ನುವವರಲ್ಲಿ ಯಾರಿಗೆ ನಿಜವಾಗಿ ಬೇಡ, ಯಾರು ನಾಚಿಕೆಗೆ ಬೇಡ ಎನ್ನುತ್ತಾರೆ ತಿಳಿಯುವುದಿಲ್ಲ. ಖಾಜಾಸಾಬರು ಎದುರಿನ ಸಾಲಿನಿಂದ ಹುಬ್ಬು ಏರಿಸಿ ತೋರಿಸುತ್ತಿದ್ದರು, ಆ ಅಜ್ಜನಿಗೆ ಹಾಕು, ಈ ಕಡೆ ಬೇಡ.

ಎರಡನೇ ಪಂಕ್ತಿಯಲ್ಲಿ, ಸಾಲಿನ ನಡುವಿಗೆ ಬಂದಾಗ, ಬಕೆಟ್ಟಿನ ತಳ ಕಂಡಿತು. ವಾಕಿಂಗ್ ಗೆಳೆಯರು ಕೈ ಕಟ್ಟಿಕೊಂಡು ಎಲೆಯ ಮುಂದೆ ಕಾಯುತ್ತಿದ್ದರು. ಊಟ ಮುಗಿಸಿದ್ದ ಬೀಗತಿ ನಾಲ್ಕು ಹೆಜ್ಜೆ ದೂರದಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ, ನನ್ನನ್ನೇ ನೋಡುತ್ತಿದ್ದರು.

ನಾನು ಹಿತ್ತಲ ಕಡೆ ತಿರುಗಿ ಗಟ್ಟಿಯಾಗಿ ಆ ಮಾತು ಕೇಳಿದೆ.

ಒಳಗಿನಿಂದ ಅಮರಮ್ಮನ ಉತ್ತರ ಬಂತು. ಅನ್ನಕ್ಕೆ ಇನ್ನೂ ಸ್ವಲ್ಪ ಸಮಯ ಬೇಕು ಎಂದು ತಿಳಿಯಿತು. ಖಾಜಾಸಾಬರಿಗೂ ತಿಳಿಯಿತು, ಉಳಿದ ಇಬ್ಬರಿಗೂ ತಿಳಿಯಿತು. ನಾಲ್ವರೂ ನಾಲ್ಕು ಕಡೆಯಿಂದ ಏನು ಮಾಡಬೇಕೋ ಅದನ್ನು ಮಾಡತೊಡಗಿದೆವು. (ಏನು ಮಾಡಿದೆವು ಎಂದು ಬರೆಯುವುದಿಲ್ಲ. ಹಳೆಯ ಹಪ್ಪಳದ ಲೆಕ್ಕ ಈಗ ನಡೆಯುವುದಿಲ್ಲ, ಹುಡುಕಲು ಹೋಗಬೇಡಿ.) ಅಷ್ಟು ಜನರಲ್ಲಿ ಯಾರೂ ತಲೆ ಎತ್ತಲಿಲ್ಲ. ಬೀಗತಿ ಎಲೆಅಡಿಕೆ ಅಗಿಯುತ್ತ, ನಿಮ್ಮವರು ಬಹಳ ಉಪಚಾರ ಮಾಡತಾರ ನೋಡ್ರಿ, ಎಂದರು. ಮನಸಾರೆ ಹೇಳಿದರು.

ಅನ್ನ ಬಂತು. ಮೂರನೇ ಪಂಕ್ತಿಗೂ ಆಯಿತು, ತಡವಾಗಿ ಬಂದ ಬಸ್ಸಿನ ಮೂವರಿಗೂ ಆಯಿತು. ನಮ್ಮ ಮನೆಯವರಿಗೆ ಕಮ್ಮಿ ಬಿದ್ದಿತ್ತು ಎಂದೇ ಗೊತ್ತಾಗಲಿಲ್ಲ. ತಮ್ಮ ಅಂದಾಜು ಎಷ್ಟು ಕರೆಕ್ಟಾಗಿತ್ತು ಎಂದು ಗೆಳೆಯರ ಮುಂದೆ ಹೇಳಿಕೊಳ್ಳುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಅವರಿಗೆ ಅದು ಎಷ್ಟು ಆಶ್ಚರ್ಯದ ಸಂಗತಿ ಎಂದು ಈ ಅಂಕಣ ಓದಿದಾಗ ತಿಳಿಯಲಿದೆ.

ಎಲ್ಲ ಮುಗಿದ ಮೇಲೆ ಅಡುಗೆಯವರ ಪಂಕ್ತಿ. ಹಿತ್ತಲಲ್ಲಿ ಬೇವಿನ ನೆರಳಿಗೆ ಚಾಪೆ ಹಾಸಿ ಕೂತರು. ಅವರಿಗೆ ನಾನೂ ನನ್ನ ಮಗಳೂ ಬಡಿಸಿದೆವು. ಕೈಗೆ ಬೊಬ್ಬೆ ಬಂದಿತ್ತು, ರೇಷ್ಮೆ ಸೀರೆಗೆ ಸಾರಿನ ಕಲೆ, ಕಾಲು ನನ್ನವಲ್ಲ. ಆದರೂ ಅಷ್ಟು ಹಗುರಾಗಿ ಬಹಳ ವರ್ಷದಿಂದ ಇರಲಿಲ್ಲ. ಸ್ಟಾಫ್‌ರೂಮಿನಲ್ಲಿ ಇಷ್ಟು ವರ್ಷ ಕೂತರೂ ಅಲ್ಲಿಯ ಯಾವ ಮಾತೂ ನನಗೆ ಇಷ್ಟು ಸುಖ ಕೊಟ್ಟಿರಲಿಲ್ಲ.

ಆ ದಿನ ನನಗೆ ತಿಳಿದದ್ದು ಇಷ್ಟೇ. ಒಂದು ಕಸುಬಿನ ಮಾತು ಕಸುಬು ಮಾಡುವವರ ಕೈಯಲ್ಲಿರುತ್ತದೆ. ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತವರಿಗೆ ಅದರ ಅರ್ಥ ಸಿಗಬಹುದು, ಮಾತು ಸಿಗುವುದಿಲ್ಲ. ನಾನು ಮಾನ್ವಿಯಲ್ಲಿ ಬಿಸಿನೀರು ಕುಡಿಯುತ್ತ ಪಡೆದದ್ದು ಅರ್ಥ. ಅದನ್ನೇ ಮಾತು ಎಂದುಕೊಂಡು ಊರಿಗೆ ಹಂಚಿದೆ. ನನ್ನಿಂದಾಗಿ ಒಬ್ಬ ಅಪ್ಪ ತನ್ನ ಮಗಳ ಮದುವೆಯಲ್ಲಿ ತಲೆ ತಗ್ಗಿಸಿ ನಿಂತರು. ಅವರಲ್ಲಿ ನಾನು ಹೋಗಿ ಕ್ಷಮೆ ಕೇಳಿದ್ದೇನೆ. ಅವರು ಚಹಾ ಕೊಟ್ಟು, ಮಗಳು ಚೆನ್ನಾಗಿದ್ದಾಳೆ ಎಂದರು. ಅದೂ ದೊಡ್ಡ ಮನಸ್ಸೇ.

ಇಷ್ಟೆಲ್ಲ ಆದ ಮೇಲೆ ಮತ್ತೆ ಬರೆಯಲು ಕೂತಿದ್ದೀಯಲ್ಲ ತಾಯಿ, ನಾಚಿಕೆ ಇಲ್ಲವೇ, ಎನ್ನುತ್ತೀರಾ? ಅಮರಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. ಆ ದಿನ ಅವರು ಎಲೆಯ ಮುಂದೆ ಕೂತಿದ್ದಾಗಲೇ ಕೇಳಿದೆ. ಹುಗ್ಗಿಗೆ ತುಪ್ಪ ಕಲಸಿಕೊಂಡರು.

"ಅತ್ತಿ ಮಾತು ಹೆಂಗೂ ಹೋತು, ಬರೀರಿ," ಎಂದರು. "ಆದ್ರ ಮಲ್ಲಮ್ಮ ಅಂತ ಹೆಸರು ಹಾಕಿ ಬರೀರಿ. ಹೋದ ಸಲ ಬರೇ ಅತ್ತಿ ಅಂತ ಬರದಿದ್ರಿ."

ಹಾಕಿದ್ದೇನೆ, ಅಮರಮ್ಮ. ಜಾಲಹಳ್ಳಿಯ ಮಲ್ಲಮ್ಮ, ಬಸ್ಸಿನಲ್ಲಿ ಬಂದು ಮೊದಲ ಮುಷ್ಟಿ ಅಕ್ಕಿ ಹಾಕುತ್ತಿದ್ದವರು, ಈ ವಾರ ಪೇಪರಿನಲ್ಲಿದ್ದಾರೆ. ರಾಯಚೂರು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುತ್ತಾರೆ.

ಹೊಸ ಮಾತಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಬರೆಯಬೇಡ ಎಂದೂ ಅನ್ನಲಿಲ್ಲ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಉಣ್ಣುತ್ತಿದ್ದರು.

ಸಂಪಾದಕರು ಕೊಟ್ಟ ಜಾಗದಲ್ಲಿ ಇನ್ನೂ ನಾಲ್ಕು ಸಾಲು ಉಳಿದಿದೆ. ಉಳಿಯಲಿ ಬಿಡಿ.